ಪಲ್ಸ್ ಮಾಡ್ಯುಲೇಟರ್ ಆರಿಸುವ ಮುಂಚೆ: ಆರ್ಕ್ ಬಿದ್ದರೆ ಏನಾಗುತ್ತದೆ ಅಂತ ಕೇಳಿ

ನಮ್ಮ ಪೀಣ್ಯದ ವರ್ಕ್‌ಶಾಪಿಗೆ ಹೊಸದಾಗಿ ಸೇರುವವರು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. "ಮೇಡಂ, ಈ ಕಾಲದಲ್ಲೂ ಥೈರಾಟ್ರಾನ್ ಯಾಕೆ? ಐಜಿಬಿಟಿ ಹಾಕಿದರೆ ಮುಗೀತಲ್ವಾ?" ಥೈರಾಟ್ರಾನ್ ಅಂದರೆ ಗ್ಯಾಸ್ ತುಂಬಿದ ಹಳೇ ಕಾಲದ ಟ್ಯೂಬ್ ಸ್ವಿಚ್, ಐಜಿಬಿಟಿ ಅಂದರೆ ಟ್ರಾನ್ಸಿಸ್ಟರ್ ಜಾತಿಯ ಸ್ವಿಚ್. ಅವರ ವಯಸ್ಸಿನಲ್ಲಿ ನಾನೂ ಇದನ್ನೇ ಕೇಳಿದ್ದೆ. ಉತ್ತರ ಸಿಕ್ಕಿದ್ದು ಒಂದು ಶುಕ್ರವಾರ ಸಂಜೆ, ಢಮ್ ಅನ್ನುವ ಸದ್ದಿನ ಜೊತೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಪಲ್ಸ್ ಮಾಡ್ಯುಲೇಟರ್ ಅಂದರೆ ಎನರ್ಜಿಯನ್ನು ನಿಧಾನವಾಗಿ ಕೂಡಿಟ್ಟು, ಒಂದೇ ಏಟಿಗೆ ಬಿಡುವ ಪೆಟ್ಟಿಗೆ. ಗೋಡೆಯ ಸಪ್ಲೈನಿಂದ ಕೆಲವೇ ಕಿಲೋವ್ಯಾಟ್ ತೆಗೆದುಕೊಳ್ಳುತ್ತದೆ, ಲೋಡಿಗೆ, ಅಂದರೆ ಪಲ್ಸ್ ಬೇಕಾದ ಸಾಧನಕ್ಕೆ, ಕೆಲವೇ ಮೈಕ್ರೋಸೆಕೆಂಡ್ ಮೆಗಾವ್ಯಾಟ್‌ಗಟ್ಟಲೆ ಕೊಡುತ್ತದೆ. ರಡಾರ್‌ನಲ್ಲಿದೆ, ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಕೊಡುವ ಲೀನಾಕ್‌ನಲ್ಲಿದೆ, ಬಂದರಿನಲ್ಲಿ ಕಂಟೇನರ್ ಸ್ಕ್ಯಾನ್ ಮಾಡುವ ಯಂತ್ರದಲ್ಲಿದೆ. ಮಾಡುವ ದಾರಿ ಹಲವು. ನಮ್ಮ ಕೆಲಸಕ್ಕೆ ಬರುವವು ಮುಖ್ಯವಾಗಿ ಮೂರು: ಲೈನ್ ಟೈಪ್, ಹಾರ್ಡ್ ಸ್ವಿಚ್, ಮಾರ್ಕ್ಸ್. ಇವುಗಳಲ್ಲಿ ಯಾವುದು ನಿಮಗೆ ಹೊಂದುತ್ತದೆ ಅಂತ ಲೆಕ್ಕ ಹಾಕುವುದು ಹೇಗೆ ಅನ್ನುವುದೇ ಈ ಬರಹ.

ಮೊದಲು ಲೋಡನ್ನು ಹಾಳೆಗೆ ಇಳಿಸಿ

ಸರ್ಕ್ಯೂಟ್ ಬರೆಯಲು ಕೂರಬೇಡಿ. ಲೋಡಿನ ಡೇಟಾಶೀಟ್ ತೆಗೆಯಿರಿ. ನಾನು ದಿನಾ ನೋಡುವ ಲೋಡನ್ನೇ ಇಟ್ಟುಕೊಳ್ಳೋಣ. 6 ಎಂವಿ (ಮೆಗಾವೋಲ್ಟ್) ಲೀನಾಕ್‌ಗೆ ಮೈಕ್ರೋವೇವ್ ಕೊಡುವ ಎಸ್-ಬ್ಯಾಂಡ್ ಮ್ಯಾಗ್ನೆಟ್ರಾನ್. ಸುಮಾರು 45 ಕಿಲೋವೋಲ್ಟ್, 100 ಆಂಪಿಯರ್, 4 ಮೈಕ್ರೋಸೆಕೆಂಡ್, ಸೆಕೆಂಡಿಗೆ 250 ಪಲ್ಸ್.

ಗುಣಿಸಿ ನೋಡಿ. ಪಲ್ಸ್ ಇರುವಾಗ 4.5 ಮೆಗಾವ್ಯಾಟ್. ಒಂದು ಪಲ್ಸಿಗೆ 18 ಜೂಲ್. ಸರಾಸರಿ 4.5 ಕಿಲೋವ್ಯಾಟ್, ಅಂದರೆ ಹೆಚ್ಚುಕಡಿಮೆ ಎರಡು ಗೀಸರ್ ಹಾಕಿದಷ್ಟು. 45 ಕಿಲೋವೋಲ್ಟನ್ನು 100 ಆಂಪಿಯರ್‌ನಿಂದ ಭಾಗಿಸಿದರೆ 450 ಓಮ್.

ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ಆದರೆ ಮ್ಯಾಗ್ನೆಟ್ರಾನ್ 450 ಓಮ್ ರೆಸಿಸ್ಟರ್ ಅಲ್ಲ. ಹತ್ತಿರ ಹತ್ತಿರ 40 ಕಿಲೋವೋಲ್ಟ್ ತನಕ ಅದರಲ್ಲಿ ಕರೆಂಟೇ ಹರಿಯುವುದಿಲ್ಲ. ಆಮೇಲೆ ತೂಬು ಎತ್ತಿದ ಹಾಗೆ ಒಮ್ಮೆಲೇ ಹರಿಯುತ್ತದೆ. ಕೆಲಸ ಮಾಡುವ ಜಾಗದಲ್ಲಿ ವೋಲ್ಟೇಜ್ ಸ್ವಲ್ಪ ಅಲುಗಾಡಿದರೆ ಅದು ತೋರಿಸುವ ರೆಸಿಸ್ಟೆನ್ಸ್ 450ರ ಹತ್ತನೇ ಒಂದು ಭಾಗ, 45 ಓಮ್ ಅಂತ ಇಟ್ಟುಕೊಳ್ಳಿ. ಈ ಎರಡು ಸಂಖ್ಯೆ, 450 ಮತ್ತು 45, ಹಾಳೆಯ ಮೇಲೆ ದೊಡ್ಡದಾಗಿ ಬರೆದಿಡಿ. ಮುಂದೆ ಇವೇ ತೀರ್ಪು ಕೊಡುತ್ತವೆ.

ಲೋಡ್ ಕ್ಲೈಸ್ಟ್ರಾನ್ (ಮೈಕ್ರೋವೇವನ್ನು ಹಿಗ್ಗಿಸುವ ಟ್ಯೂಬ್) ಆದರೆ ಲೆಕ್ಕ ಬೇರೆ. ಅದರ ಕರೆಂಟ್ ವೋಲ್ಟೇಜಿನ 1.5ನೇ ಘಾತದ ಹಾಗೆ ಏರುತ್ತದೆ, ಬೀಮ್ ಪವರ್ 2.5ನೇ ಘಾತದ ಹಾಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ನಡೆಸುವ ಆಕ್ಸಿಲರೇಟರ್ ಲ್ಯಾಬ್ ಸ್ಲ್ಯಾಕ್‌ನ 5045 ಕ್ಲೈಸ್ಟ್ರಾನ್ 350 ಕಿಲೋವೋಲ್ಟ್‌ಗೆ 414 ಆಂಪಿಯರ್ ಎಳೆಯುತ್ತದೆ. ಅಲ್ಲಿ ವೋಲ್ಟೇಜ್ ಶೇ. 1 ಜಾರಿದರೆ ಬೀಮ್ ಪವರ್ ಶೇ. 2.5 ಜಾರುತ್ತದೆ. ಜೊತೆಗೆ ಮೈಕ್ರೋವೇವಿನ ಫೇಸ್ ಕೂಡ ಅಲುಗುತ್ತದೆ. ಕ್ಲೈಸ್ಟ್ರಾನ್ ಜನರಿಗೆ ಪವರಿಗಿಂತ ಫೇಸಿನದೇ ತಲೆನೋವು.

ಇನ್ನೂ ಮೂರು ಪ್ರಶ್ನೆ ಬರೆದುಕೊಳ್ಳಿ. ಪಲ್ಸಿನ ಅಗಲ ಆಗಾಗ ಬದಲಾಗಬೇಕಾ? ಏರುವ ವೇಗಕ್ಕೆ ಮಿತಿ ಇದೆಯಾ? ಮ್ಯಾಗ್ನೆಟ್ರಾನ್‌ಗೆ ಖಂಡಿತ ಇದೆ. 45 ಕಿಲೋವೋಲ್ಟನ್ನು 0.4 ಮೈಕ್ರೋಸೆಕೆಂಡಿನಲ್ಲಿ ಏರಿಸಿದರೆ ಮೈಕ್ರೋಸೆಕೆಂಡಿಗೆ 112 ಕಿಲೋವೋಲ್ಟ್ ಆಯಿತು. ಡೇಟಾಶೀಟಿನ ಮಿತಿ ದಾಟಿದರೆ ಟ್ಯೂಬ್ ತಪ್ಪು ಮೋಡ್‌ಗೆ, ಅಂದರೆ ನಮಗೆ ಬೇಡದ ಫ್ರೀಕ್ವೆನ್ಸಿಗೆ, ಬೀಳುತ್ತದೆ. ಅಂದರೆ ವೇಗ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮೂರನೆಯದು: ಒಳಗೆ ಆರ್ಕ್ ಬಿದ್ದರೆ, ಅಂದರೆ ಕಿಡಿ ಹಾರಿ ಲೋಡ್ ಶಾರ್ಟ್ ಆದರೆ, ಟ್ಯೂಬ್ ಎಷ್ಟು ಜೂಲ್ ತಡೆದುಕೊಳ್ಳುತ್ತದೆ? ಆರ್ಕ್ ಬಿದ್ದೇ ಬೀಳುತ್ತದೆ. ಹೊಸ ಟ್ಯೂಬನ್ನು ಕಂಡೀಷನ್ ಮಾಡುವ, ಅಂದರೆ ಮೆಲ್ಲಗೆ ವೋಲ್ಟೇಜ್ ಏರಿಸಿ ಒಗ್ಗಿಸುವ ದಿನವಂತೂ ಲೆಕ್ಕವೇ ಇರುವುದಿಲ್ಲ.

ಲೈನ್ ಟೈಪ್: ಅಜ್ಜನ ಕಾಲದ್ದು, ಆದರೆ ಪೆದ್ದಲ್ಲ

ಇದು ಎರಡನೇ ಮಹಾಯುದ್ಧದ ರಡಾರ್ ಕಾಲದ ಕೂಸು. ಹೈಡ್ರೋಜನ್ ಥೈರಾಟ್ರಾನ್ ಬಂದದ್ದೂ ಆಗಲೇ. ಕೆಪಾಸಿಟರ್, ಕಾಯಿಲ್‌ಗಳನ್ನು ಏಣಿಯ ಹಾಗೆ ಜೋಡಿಸಿದ ಒಂದು ಪಿಎಫ್‌ಎನ್ (ಪಲ್ಸ್ ಫಾರ್ಮಿಂಗ್ ನೆಟ್‌ವರ್ಕ್) ಇರುತ್ತದೆ. ಅದನ್ನು ಚಾರ್ಜ್ ಮಾಡಿ, ಥೈರಾಟ್ರಾನ್ ಹಚ್ಚಿ, ಪಲ್ಸ್ ಟ್ರಾನ್ಸ್‌ಫಾರ್ಮರ್ ಮೂಲಕ ಲೋಡಿಗೆ ಪೂರ್ತಿ ಬರಿದು ಮಾಡುವುದು. ಪೂರ್ತಿ ಅನ್ನುವ ಪದ ನೆನಪಿಡಿ.

ನಮ್ಮ ಲೋಡಿಗೆ ಲೆಕ್ಕ ಹಾಕೋಣ. 1:4 ಟ್ರಾನ್ಸ್‌ಫಾರ್ಮರ್ ಇಟ್ಟರೆ ಪ್ರೈಮರಿಯಲ್ಲಿ 11.25 ಕಿಲೋವೋಲ್ಟ್, 400 ಆಂಪಿಯರ್. ಮ್ಯಾಚ್ ಆದ ಲೋಡಿಗೆ ಪಿಎಫ್‌ಎನ್ ವೋಲ್ಟೇಜಿನ ಅರ್ಧ ಮಾತ್ರ ಸಿಗುತ್ತದೆ. ಹಾಗಾಗಿ ಪಿಎಫ್‌ಎನ್ 22.5 ಕಿಲೋವೋಲ್ಟ್‌ಗೆ ಏರಬೇಕು. ಚೋಕ್ ಮತ್ತು ಡಯೋಡ್ ಮೂಲಕ ರೆಸೊನೆಂಟ್ ಚಾರ್ಜಿಂಗ್ ಮಾಡಿದರೆ ಸಪ್ಲೈನ ಎರಡರಷ್ಟು ಏರುತ್ತದೆ, ಆದ್ದರಿಂದ ಸಪ್ಲೈ 11.25 ಸಾಕು. ಪಿಎಫ್‌ಎನ್ ಇಂಪಿಡೆನ್ಸ್ ಅಂದರೆ 450 ಓಮ್ ಭಾಗಿಸು 16, ಅಂದಾಜು 28 ಓಮ್. ಪಲ್ಸ್ ಅಗಲವನ್ನು ಇಂಪಿಡೆನ್ಸಿನ ಎರಡರಷ್ಟರಿಂದ ಭಾಗಿಸಿದರೆ ಒಟ್ಟು ಕೆಪಾಸಿಟೆನ್ಸ್: 71 ನ್ಯಾನೋಫ್ಯಾರಡ್. ಒಟ್ಟು ಇಂಡಕ್ಟೆನ್ಸ್ 56 ಮೈಕ್ರೋಹೆನ್ರಿ. 3 ಮಿಲಿಸೆಕೆಂಡಿನಲ್ಲಿ ಚಾರ್ಜ್ ಆಗಬೇಕಾದರೆ ಚೋಕ್ ಸುಮಾರು 13 ಹೆನ್ರಿ. ಅದು ಎತ್ತಲು ಇಬ್ಬರು ಬೇಕಾಗುವ ಸಾಮಾನು.

ಈಗ 71 ನ್ಯಾನೋಫ್ಯಾರಡ್ 22.5 ಕಿಲೋವೋಲ್ಟ್‌ನಲ್ಲಿ ಎಷ್ಟು ಎನರ್ಜಿ ಹಿಡಿದಿಡುತ್ತದೆ ನೋಡಿ: 18 ಜೂಲ್. ಒಂದು ಪಲ್ಸಿಗೆ ಬೇಕಾದಷ್ಟೇ, ಒಂದು ಹನಿ ಜಾಸ್ತಿ ಇಲ್ಲ. ಮ್ಯಾಗ್ನೆಟ್ರಾನ್ ಒಳಗೆ ಆರ್ಕ್ ಬಿದ್ದರೆ ಕರೆಂಟ್ 400ರಿಂದ ಹೆಚ್ಚೆಂದರೆ 800ಕ್ಕೆ ಹೋಗುತ್ತದೆ. ಪಿಎಫ್‌ಎನ್ ಇಂಪಿಡೆನ್ಸೇ ತಡೆಯುತ್ತದೆ. ಯಾವ ಪ್ರೊಟೆಕ್ಷನ್ ಬೋರ್ಡೂ ಬೇಡ, ಯಾರೂ ಎಚ್ಚರ ಇರಬೇಕಾಗಿಲ್ಲ. ಊಟದ ಡಬ್ಬಿಯಲ್ಲಿ ಒಂದು ಹೊತ್ತಿನದ್ದು ಮಾತ್ರ ಕಟ್ಟಿಕೊಟ್ಟ ಹಾಗೆ. ಚೆಲ್ಲಿದರೂ ಒಂದು ಹೊತ್ತಿನದ್ದೇ ಚೆಲ್ಲುತ್ತದೆ.

ಕಾಟಗಳೂ ಇವೆ, ಸುಳ್ಳು ಹೇಳುವುದಿಲ್ಲ. ಪಲ್ಸ್ ಅಗಲ ಬದಲಿಸಬೇಕಾದರೆ ಪಿಎಫ್‌ಎನ್ ಬಿಚ್ಚಿ ಕೂರಬೇಕು. ಥೈರಾಟ್ರಾನ್ ಬಿಸಿಯಾಗಲು ನಿಮಿಷಗಟ್ಟಲೆ ಕಾಯಬೇಕು. ಅದರೊಳಗಿನ ಗ್ಯಾಸ್ ಒತ್ತಡ ನಿಗದಿ ಮಾಡುವ ರಿಸರ್ವಾಯರಿನ ವೋಲ್ಟೇಜ್ ಜಾಸ್ತಿ ಮಾಡಿದರೆ ಟ್ರಿಗರ್ ಬರುವ ಮುಂಚೆಯೇ ತಾನಾಗಿ ಹೊತ್ತಿಕೊಳ್ಳುತ್ತದೆ. ಕಡಿಮೆ ಮಾಡಿದರೆ ಜಿಟರ್, ಅಂದರೆ ಹೊತ್ತುವ ಕ್ಷಣ ಹಿಂದೆಮುಂದೆ ಆಗುವುದು. ವಯಸ್ಸಾದಂತೆ ಈ ಎರಡರ ನಡುವಿನ ಜಾಗ ಕಿರಿದಾಗುತ್ತಾ ಹೋಗುತ್ತದೆ. ನಾವು ತಿಂಗಳಿಗೊಮ್ಮೆ ಆ ಎರಡು ಗಡಿಗಳನ್ನು ಹುಡುಕಿ ಲಾಗ್ ಪುಸ್ತಕದಲ್ಲಿ ಬರೆಯುತ್ತೇವೆ. ಅಂತರ ನೋಡಿದರೆ ಟ್ಯೂಬಿಗೆ ಇನ್ನೆಷ್ಟು ಆಯುಸ್ಸು ಅಂತ ಅಂದಾಜು ಸಿಗುತ್ತದೆ.

ಇನ್ನೊಂದು ಕಿವಿಮಾತು. ಲೋಡ್ ಇಂಪಿಡೆನ್ಸನ್ನು ಪಿಎಫ್‌ಎನ್‌ಗಿಂತ ತುಸು ಕಡಿಮೆ ಇಡಿ. ಹಾಗೆ ಮಾಡಿದರೆ ಪಲ್ಸ್ ಮುಗಿದ ಮೇಲೆ ಥೈರಾಟ್ರಾನ್ ಮೇಲೆ ಸ್ವಲ್ಪ ಉಲ್ಟಾ ವೋಲ್ಟೇಜ್ ಬೀಳುತ್ತದೆ, ಅದು ಬೇಗ ಆರುತ್ತದೆ. ಲೋಡ್ ಇಂಪಿಡೆನ್ಸ್ ಜಾಸ್ತಿ ಇದ್ದರೆ ಪಿಎಫ್‌ಎನ್‌ನಲ್ಲಿ ಪಾಸಿಟಿವ್ ಚಾರ್ಜ್ ಉಳಿದು, ಥೈರಾಟ್ರಾನ್ ಆರದೆ, ಸಪ್ಲೈ ನೇರ ಶಾರ್ಟ್ ಆಗಿ ಕೂರುತ್ತದೆ. ಆರ್ಕ್ ಬಿದ್ದಾಗ ಮಾತ್ರ ಈ ಉಲ್ಟಾ ವೋಲ್ಟೇಜ್ ವಿಪರೀತ ಆಗುತ್ತದೆ. ಅದು ಉಳಿದುಬಿಟ್ಟರೆ ಮುಂದಿನ ಚಾರ್ಜ್ 22.5 ದಾಟಿ ಮೇಲಕ್ಕೆ ಹೋಗುತ್ತದೆ. ಅದನ್ನು ತಿನ್ನಲು ಪಿಎಫ್‌ಎನ್‌ಗೆ ಅಡ್ಡ ಒಂದು ಡಯೋಡ್ ಮತ್ತು ರೆಸಿಸ್ಟರ್ ಹಾಕುತ್ತಾರೆ. ದುಡ್ಡು ಉಳಿಸಲು ಇದನ್ನು ಬಿಡಬೇಡಿ.

ಹಾರ್ಡ್ ಸ್ವಿಚ್: ತೊಟ್ಟಿ ತುಂಬಾ ನೀರು, ಒಂದು ಲೋಟ ಕೊಡುವುದು

ಇಲ್ಲಿ ದೊಡ್ಡ ಕೆಪಾಸಿಟರ್ ಬ್ಯಾಂಕ್ ಇರುತ್ತದೆ. ಸ್ವಿಚ್ ಆನ್ ಮಾಡಿ ಸ್ವಲ್ಪವೇ ಎನರ್ಜಿ ಬಿಟ್ಟು ಮತ್ತೆ ಆಫ್ ಮಾಡುವುದು. ಹಿಂದೆ ವ್ಯಾಕ್ಯೂಮ್ ಟ್ಯೂಬ್ ಆ ಕೆಲಸ ಮಾಡುತ್ತಿತ್ತು, ಈಗ ಐಜಿಬಿಟಿ ಅಥವಾ ಮಾಸ್‌ಫೆಟ್. ಪಲ್ಸ್ ಅಗಲವನ್ನು ಕೀಬೋರ್ಡಿನಿಂದ ಬದಲಿಸಬಹುದು. ಹೀಟರ್ ಕಾಯುವುದಿಲ್ಲ, ರಿಸರ್ವಾಯರ್ ಗೋಳಿಲ್ಲ. ಯಾರಿಗೆ ಇಷ್ಟ ಆಗುವುದಿಲ್ಲ ಹೇಳಿ?

ಲೆಕ್ಕ ನೋಡಿ. ಪಲ್ಸಿನ ಉದ್ದಕ್ಕೂ ವೋಲ್ಟೇಜ್ ಶೇ. 1ಕ್ಕಿಂತ ಜಾಸ್ತಿ ಬೀಳಬಾರದು ಅಂದರೆ, ಬ್ಯಾಂಕಿನಲ್ಲಿ ಪಲ್ಸ್ ಎನರ್ಜಿಯ 50 ಪಟ್ಟು ಇರಬೇಕು. 18 ಜೂಲ್ ಪಲ್ಸಿಗೆ 900 ಜೂಲ್. ಆರ್ಕ್ ಬಿದ್ದ ಕ್ಷಣ ಈ 900 ಜೂಲ್ ಬಾಗಿಲ ಬಳಿ ನಿಂತಿರುತ್ತದೆ. ತಡೆಯಬೇಕಾದವನು ಸ್ವಿಚ್ ಒಬ್ಬನೇ.

ಈಗ ಆ 450 ಮತ್ತು 45 ತೆಗೆಯಿರಿ. ಎರಡೂ ಮಾಡ್ಯುಲೇಟರ್‌ಗಳ ಸಪ್ಲೈ ಶೇ. 1 ಏರಿತು ಅಂದುಕೊಳ್ಳಿ. ಹಾರ್ಡ್ ಸ್ವಿಚ್‌ನಲ್ಲಿ ಒಳಗಿನ ಇಂಪಿಡೆನ್ಸ್ ಹೆಚ್ಚುಕಡಿಮೆ ಸೊನ್ನೆ. 450 ವೋಲ್ಟ್ ಜಾಸ್ತಿ ಬಂದದ್ದು ನೇರ 45 ಓಮ್ ಮೇಲೆ ಬೀಳುತ್ತದೆ. ಕರೆಂಟ್ 10 ಆಂಪಿಯರ್ ಏರಿತು, ಅಂದರೆ ಶೇ. 10. ಲೈನ್ ಟೈಪ್‌ನಲ್ಲಿ ಸೆಕೆಂಡರಿ ಕಡೆಯಿಂದ ನೋಡಿದರೆ 90 ಕಿಲೋವೋಲ್ಟ್ ಮೂಲ, ಅದರ ಜೊತೆ ಸರಣಿಯಲ್ಲಿ 450 ಓಮ್. ಶೇ. 1 ಅಂದರೆ 900 ವೋಲ್ಟ್, ಅದನ್ನು 495 ಓಮ್‌ನಿಂದ ಭಾಗಿಸಿ: 1.8 ಆಂಪಿಯರ್. ಅದೇ ಶೇ. 1 ತಪ್ಪಿಗೆ ಒಂದು ಕಡೆ ಶೇ. 10, ಇನ್ನೊಂದು ಕಡೆ ಶೇ. 1.8. ಮ್ಯಾಗ್ನೆಟ್ರಾನ್‌ಗೆ ಹಾರ್ಡ್ ಸ್ವಿಚ್ ಕಟ್ಟುವವರು ವೋಲ್ಟೇಜ್ ರೆಗ್ಯುಲೇಷನ್‌ಗೆ ಐದು ಪಟ್ಟು ಜಾಸ್ತಿ ಬೆವರು ಹರಿಸಬೇಕು. ಬ್ರೋಷರಿನಲ್ಲಿ ರೆಸಿಸ್ಟರ್ ಲೋಡಿನ ಮೇಲಿನ ಚಪ್ಪಟೆ ಪಲ್ಸ್ ಚಿತ್ರ ನೋಡಿ ಮರುಳಾಗುವವರಿಗೆ ಈ ಲೆಕ್ಕ ತೋರಿಸುತ್ತೇನೆ.

ಆ ಶುಕ್ರವಾರ

ಆಗ ನಾನು ಬೇರೆ ಕಡೆ ಕೆಲಸದಲ್ಲಿದ್ದೆ. 14 ಐಜಿಬಿಟಿಗಳನ್ನು ಸರಣಿಯಲ್ಲಿ ಜೋಡಿಸಿ 11 ಕಿಲೋವೋಲ್ಟ್ ಸ್ವಿಚ್ ಕಟ್ಟಿದ್ದೆ. ಒಂದೊಂದರ ಮೇಲೆ 800 ವೋಲ್ಟ್, ರೇಟಿಂಗ್ 1700. ಅರ್ಧಕ್ಕಿಂತ ಕಡಿಮೆ ಅಂತ ನನಗೆ ಭಾರಿ ಧೈರ್ಯ. ಡಮ್ಮಿ ಲೋಡಿನ ಮೇಲೆ ಎರಡು ವಾರ ಅಲುಗದೆ ಓಡಿತು. ಆ ಸಂಜೆ ಮ್ಯಾಗ್ನೆಟ್ರಾನ್ ಸೇರಿಸಿ ನಿಧಾನವಾಗಿ ಏರಿಸುತ್ತಿದ್ದೆವು. ಟ್ರಾನ್ಸ್‌ಫಾರ್ಮರಿನ ಆಚೆ 38, 40, 42 ಕಿಲೋವೋಲ್ಟ್. ಪಕ್ಕದಲ್ಲಿ ಕಾಫಿ ಲೋಟ ಇತ್ತು. ಸ್ಕೋಪಿನಲ್ಲಿ ಕರೆಂಟ್ ಗೆರೆ ಒಮ್ಮೆ ಮೇಲಕ್ಕೆ ನೆಗೆದದ್ದು ಕಂಡಿತು, ಜೊತೆಗೇ ದೀಪಾವಳಿಯ ಸದ್ದು. ಕ್ಯಾಬಿನೆಟ್ ಬಾಗಿಲು ಹಿಡಿಯಿಂದ ಕಿತ್ತು ಬಂದಿತ್ತು. ಸುಟ್ಟ ಸಿಲಿಕೋನ್ ಜೆಲ್ಲಿನ ವಾಸನೆ ಸೋಮವಾರವೂ ಹೋಗಿರಲಿಲ್ಲ. 14ರಲ್ಲಿ 9 ಸತ್ತಿದ್ದವು.

ಕಾರಣ ಹುಡುಕಲು ಒಂದು ವಾರ ಹಿಡಿಯಿತು. ಗೇಟ್ ಡ್ರೈವರ್‌ನಲ್ಲಿ ಡಿಸ್ಯಾಟ್ ಪ್ರೊಟೆಕ್ಷನ್ ಇತ್ತು. ಐಜಿಬಿಟಿ ಮೇಲಿನ ವೋಲ್ಟೇಜ್ ಏರಿದರೆ ಅದು ಮೆಲ್ಲಗೆ ಆಫ್ ಮಾಡುತ್ತದೆ. ಆದರೆ ಆನ್ ಆದ ಮೇಲೆ ಸ್ವಲ್ಪ ಹೊತ್ತು ಅದು ಕಣ್ಣು ಮುಚ್ಚಿಕೊಂಡಿರುತ್ತದೆ. ನಾನು ಆ ಸರ್ಕ್ಯೂಟನ್ನು ಮೋಟಾರ್ ಡ್ರೈವಿನಿಂದ ಹಾಗೇ ಎತ್ತಿಕೊಂಡಿದ್ದೆ. ಕಣ್ಣು ಮುಚ್ಚುವ ಸಮಯ 6 ಮೈಕ್ರೋಸೆಕೆಂಡ್. ನನ್ನ ಪಲ್ಸೇ 4! ಕಾವಲುಗಾರ ಏಳುವಷ್ಟರಲ್ಲಿ ಕಳ್ಳ ಊರು ಬಿಟ್ಟಿರುತ್ತಿದ್ದ.

ನಾನು ಹಾಕಿದ್ದ ಐಜಿಬಿಟಿಗಳು ಶಾರ್ಟ್ ಕರೆಂಟನ್ನು 10 ಮೈಕ್ರೋಸೆಕೆಂಡ್ ತಡೆದುಕೊಳ್ಳುತ್ತವೆ. ಹಾಗಾಗಿ ಆರ್ಕ್ ನೇರವಾಗಿ ಅವನ್ನು ಕೊಂದಿರಲಿಲ್ಲ. 4 ಮೈಕ್ರೋಸೆಕೆಂಡ್ ಮುಗಿದಾಗ ಡ್ರೈವರ್ ಎಂದಿನಂತೆ ರಭಸದಿಂದ ಆಫ್ ಮಾಡಿತು. ಅಷ್ಟು ದೊಡ್ಡ ಕರೆಂಟನ್ನು ಕತ್ತರಿಸಿದಾಗ ವೈರಿಂಗಿನ ಇಂಡಕ್ಟೆನ್ಸ್ ವೋಲ್ಟೇಜ್ ಎತ್ತಿತು. 14ರಲ್ಲಿ ಮೊದಲು ಆಫ್ ಆದದ್ದರ ಮೇಲೆ ಎಲ್ಲರ ಪಾಲೂ ಬಿತ್ತು. ಅದು ಹೋಯಿತು, ಪಕ್ಕದ್ದು ಹೋಯಿತು, ಹೀಗೇ ಸಾಲಾಗಿ.

ಈಗ ನಾನು ಸರಣಿ ಸ್ಟ್ಯಾಕ್ ಕಟ್ಟುವುದೇ ಇಲ್ಲ. ಬದಲಿಗೆ 9 ಕೋರ್ ಇಡುತ್ತೇನೆ. ಪ್ರತಿ ಕೋರಿಗೆ ಒಂದೇ ಟರ್ನಿನ ಪ್ರೈಮರಿ, ಅದಕ್ಕೆ ತನ್ನದೇ ಐಜಿಬಿಟಿ, ತನ್ನದೇ 1 ಕಿಲೋವೋಲ್ಟ್ ಕೆಪಾಸಿಟರ್. ಸೆಕೆಂಡರಿ ಎಲ್ಲಾ 9 ಕೋರ್‌ಗಳನ್ನು ಸುತ್ತಿ 5 ಟರ್ನ್ ಬರುತ್ತದೆ. 9 ಗುಣಿಸು 5, ನಮ್ಮ 45 ಕಿಲೋವೋಲ್ಟ್. ಪ್ರತಿ ಐಜಿಬಿಟಿ 500 ಆಂಪಿಯರ್ ಕೊಡುತ್ತದೆ. ಪ್ರೈಮರಿ ಕಡೆ ಎಲ್ಲವೂ ನೆಲದ ಹತ್ತಿರ, 1 ಕಿಲೋವೋಲ್ಟ್‌ಗಿಂತ ಮೇಲೆ ಏನೂ ಇಲ್ಲ. ಒಬ್ಬರ ಪಾಲು ಇನ್ನೊಬ್ಬರ ತಲೆ ಮೇಲೆ ಬೀಳುವ ಪ್ರಶ್ನೆ ಇಲ್ಲ. ಕೋರ್ ಎಷ್ಟು ದೊಡ್ಡದು? 1 ಕಿಲೋವೋಲ್ಟ್ ಗುಣಿಸು 4 ಮೈಕ್ರೋಸೆಕೆಂಡ್, ಅದನ್ನು 2 ಟೆಸ್ಲಾದಿಂದ ಭಾಗಿಸಿದರೆ 20 ಚದರ ಸೆಂಟಿಮೀಟರ್. 2 ಟೆಸ್ಲಾ ಪೂರ್ತಿ ಸಿಗಬೇಕಾದರೆ ಪ್ರತಿ ಪಲ್ಸಿಗೆ ಮುಂಚೆ ಕೋರನ್ನು ಉಲ್ಟಾ ದಿಕ್ಕಿಗೆ ಎಳೆದಿಡುವ ಬಯಾಸ್ ಕರೆಂಟ್ ಬೇಕು. ಅದು ನಿಂತರೆ ಕೋರ್ ಸ್ಯಾಚುರೇಟ್ ಆಗುತ್ತದೆ, ಆದ್ದರಿಂದ ಬಯಾಸ್‌ಗೆ ಇಂಟರ್‌ಲಾಕ್ ಕಡ್ಡಾಯ.

ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟೆನ್ಸ್ ಬಗ್ಗೆ ಒಂದು ಮಾತು. ಎಲ್ಲರೂ ಅದನ್ನು ಬೈಯುತ್ತಾರೆ, ಏರಿಕೆ ನಿಧಾನ ಮಾಡುತ್ತದೆ ಅಂತ. ಆದರೆ ಆರ್ಕ್ ಬಿದ್ದಾಗ ಕರೆಂಟ್ ಏರುವ ವೇಗಕ್ಕೆ ಕಡಿವಾಣ ಹಾಕುವುದೂ ಅದೇ. ಸೆಕೆಂಡರಿ ಕಡೆ 200 ಮೈಕ್ರೋಹೆನ್ರಿ ಇದ್ದರೆ ಮೈಕ್ರೋಸೆಕೆಂಡಿಗೆ 225 ಆಂಪಿಯರ್ ಏರುತ್ತದೆ. ಒಂದೂವರೆ ಮೈಕ್ರೋಸೆಕೆಂಡಿನಲ್ಲಿ ಪತ್ತೆ ಹಚ್ಚಿ ಆಫ್ ಮಾಡಿದರೆ 340 ಆಂಪಿಯರ್ ಸೇರಿರುತ್ತದೆ, ಮೊದಲಿದ್ದ 100 ಕೂಡಿಸಿ. ಇದನ್ನು 5ರಿಂದ ಗುಣಿಸಿದ ಕರೆಂಟನ್ನು, ಅಂದರೆ 2200 ಆಂಪಿಯರನ್ನು, ನಿಮ್ಮ ಐಜಿಬಿಟಿ ಕತ್ತರಿಸಬಲ್ಲದಾ? ಇದನ್ನು ನೋಡಿ ಮಾಡ್ಯೂಲ್ ಕೊಳ್ಳಿ. 500 ನೋಡಿ ಕೊಳ್ಳಬೇಡಿ.

ಮಾರ್ಕ್ಸ್ ಯಾವಾಗ

ಜರ್ಮನಿಯ ಎರ್ವಿನ್ ಮಾರ್ಕ್ಸ್ 1920ರ ದಶಕದಲ್ಲಿ ಕೊಟ್ಟ ಉಪಾಯ. ಕೆಪಾಸಿಟರ್‌ಗಳನ್ನು ಪಕ್ಕಪಕ್ಕ ಚಾರ್ಜ್ ಮಾಡಿ, ಒಂದರ ಮೇಲೊಂದು ಪೇರಿಸಿ ಬಿಡುವುದು. ಆಗ ಸ್ಪಾರ್ಕ್ ಗ್ಯಾಪ್, ಈಗ ಐಜಿಬಿಟಿ. ಟ್ರಾನ್ಸ್‌ಫಾರ್ಮರೇ ಬೇಡ. ನಮ್ಮ ಲೋಡಿಗೆ 1 ಕಿಲೋವೋಲ್ಟಿನ 45 ಸೆಲ್. ಇನ್ನು ಮೂರು ನಾಲ್ಕು ಸೆಲ್ ಜಾಸ್ತಿ ಇಟ್ಟು ಪಲ್ಸಿನ ನಡುವೆ ಒಂದೊಂದಾಗಿ ಸೇರಿಸಿದರೆ ಇಳಿಜಾರನ್ನೂ ತುಂಬಿಕೊಳ್ಳಬಹುದು. ಒಂದು ಸೆಲ್ ಏಳದಿದ್ದರೆ ಬೈಪಾಸ್ ಡಯೋಡ್ ಕರೆಂಟನ್ನು ದಾಟಿಸುತ್ತದೆ, ಕೆಲಸ ನಿಲ್ಲುವುದಿಲ್ಲ.

ಆದರೂ ನಮ್ಮ ಮ್ಯಾಗ್ನೆಟ್ರಾನ್‌ಗೆ ನಾನು ಇದನ್ನು ಹಾಕುವುದಿಲ್ಲ. ಪ್ರತಿ ಸೆಲ್ಲೂ ನೆಲಕ್ಕೆ ಸೇರದೆ ಹೈ ವೋಲ್ಟೇಜಿನಲ್ಲಿ ತೇಲುತ್ತದೆ, ಪ್ರತಿಯೊಂದಕ್ಕೂ ಬೇರೆ ಗೇಟ್ ಪವರ್, ಬೇರೆ ಆಪ್ಟಿಕಲ್ ಫೈಬರ್. ಇನ್ನೊಂದು ತೊಡಕು ಕೊನೆಗೆ ಹೊಳೆಯುತ್ತದೆ: ಮ್ಯಾಗ್ನೆಟ್ರಾನ್ ಹೀಟರ್ ಮೈನಸ್ 45 ಕಿಲೋವೋಲ್ಟ್‌ನಲ್ಲಿ ಕೂತಿರುತ್ತದೆ. ಟ್ರಾನ್ಸ್‌ಫಾರ್ಮರ್ ಇದ್ದರೆ ಸೆಕೆಂಡರಿಯನ್ನು ಜೋಡಿ ತಂತಿಯಲ್ಲಿ ಸುತ್ತಿ ಅದರ ಒಳಗಿಂದಲೇ ಹೀಟರ್ ಕರೆಂಟ್ ಕಳಿಸಬಹುದು. ಮಾರ್ಕ್ಸ್‌ಗೆ ಅದಕ್ಕೆಂದೇ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು. ತೆಗೆದ ಟ್ರಾನ್ಸ್‌ಫಾರ್ಮರ್ ಹಿಂಬಾಗಿಲಿಂದ ವಾಪಸ್ ಬಂತು.

ಪಲ್ಸ್ ಉದ್ದ ಆದಾಗ ಮಾತ್ರ ಆಟ ತಿರುಗುತ್ತದೆ. ಇಂಟರ್‌ನ್ಯಾಷನಲ್ ಲೀನಿಯರ್ ಕೊಲೈಡರ್ ಅನ್ನುವ ಯೋಜಿತ ಆಕ್ಸಿಲರೇಟರ್‌ಗೆಂದು ಸ್ಲ್ಯಾಕ್‌ನವರು ಮಾರ್ಕ್ಸ್ ಕಟ್ಟಿದರು: 120 ಕಿಲೋವೋಲ್ಟ್, 140 ಆಂಪಿಯರ್, 1.6 ಮಿಲಿಸೆಕೆಂಡ್. ವೋಲ್ಟೇಜನ್ನು ಸಮಯದಿಂದ ಗುಣಿಸಿ: 192 ವೋಲ್ಟ್-ಸೆಕೆಂಡ್. ನಮ್ಮದು 0.18. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಈ ಗುಣಲಬ್ಧದ ಹಿಂದೆ ಬೆಳೆಯುತ್ತದೆ. ಸಾವಿರ ಪಟ್ಟು ಅಂದರೆ ಲಾರಿ ತರಿಸಬೇಕು.

ನಾನು ಹೇಗೆ ಆರಿಸುತ್ತೇನೆ

ಪಲ್ಸ್ ಅಗಲ ಒಂದೇ, ಜಾಗ ಆಸ್ಪತ್ರೆ, ಹತ್ತಿರದಲ್ಲಿ ಇಂಜಿನಿಯರ್ ಇಲ್ಲ, ಲೋಡ್ ಮ್ಯಾಗ್ನೆಟ್ರಾನ್: ಕಣ್ಣು ಮುಚ್ಚಿ ಲೈನ್ ಟೈಪ್. ಥೈರಾಟ್ರಾನ್ ಬೇಡ ಅನ್ನಿಸಿದರೆ ಆ ಜಾಗಕ್ಕೆ ಥೈರಿಸ್ಟರ್ ಸ್ಟ್ಯಾಕ್ ಬರಬಹುದು, ಪಿಎಫ್‌ಎನ್ ಇರಲಿ. ಪಲ್ಸ್ ಅಗಲ ದಿನಾ ಬದಲಾಗುವ ಸ್ಕ್ಯಾನರ್, ಅಥವಾ ಫೇಸ್ ಬಿಗಿ ಬೇಕಾದ ಕ್ಲೈಸ್ಟ್ರಾನ್: ಕೋರ್ ಹಂಚಿದ ಹಾರ್ಡ್ ಸ್ವಿಚ್. ಮಿಲಿಸೆಕೆಂಡ್ ದಾಟಿದರೆ ಮಾರ್ಕ್ಸ್ ಕಡೆ ನೋಡುತ್ತೇನೆ. ನಡುವೆ, ನೂರಿನ್ನೂರು ಮೈಕ್ರೋಸೆಕೆಂಡಿನ ಜಾಗದಲ್ಲಿ, ನನಗೂ ಪ್ರತಿ ಸಲ ಹಾಳೆ ತೆಗೆದು ಮೊದಲಿಂದ ಗುಣಿಸಬೇಕಾಗುತ್ತದೆ.

ಯಾವುದೇ ಕಟ್ಟಿ, ಒಳಗೆ ಕೈ ಹಾಕುವ ಮುಂಚೆ ಅರ್ಥ್ ರಾಡ್ ಎರಡು ಸಲ. ಮೊದಲು ರೆಸಿಸ್ಟರ್ ಇರುವ ತುದಿ, ಆಮೇಲೆ ನೇರ ತುದಿ. ಮುಟ್ಟಿಸಿ ತೆಗೆಯಬೇಡಿ, ಕೊಕ್ಕೆ ಹಾಕಿ ಅಲ್ಲೇ ಬಿಡಿ. ಎಣ್ಣೆ ತುಂಬಿದ ಕೆಪಾಸಿಟರ್ ಒಮ್ಮೆ ಬರಿದಾದ ಮೇಲೂ ಸುಮ್ನೆ ಕೂತಲ್ಲೇ ಮತ್ತೆ ಸಾಕಷ್ಟು ವೋಲ್ಟೇಜ್ ಎಬ್ಬಿಸಿಕೊಳ್ಳುತ್ತದೆ. ಥೈರಾಟ್ರಾನ್ ಸುತ್ತಲಿನ ಲೋಹದ ಕವಚವನ್ನೂ ತೆಗೆದು ಓಡಿಸಬೇಡಿ, ಈ ವೋಲ್ಟೇಜ್‌ಗಳಲ್ಲಿ ಎಕ್ಸ್-ರೇ ಬರುತ್ತದೆ.

ಕೊನೆಗೆ ಒಪ್ಪಿಸುವ ಪರೀಕ್ಷೆ. ಡಮ್ಮಿ ಲೋಡಿಗೆ ಅಡ್ಡವಾಗಿ ಒಂದು ಸ್ಪಾರ್ಕ್ ಗ್ಯಾಪ್ ಇಡಿ. ಎರಡು ಹಿತ್ತಾಳೆ ಉಂಡೆ, ಒಂದಕ್ಕೆ ಸ್ಕ್ರೂ. ಗ್ಯಾಪಿನ ನೆಲದ ಕಡೆಗೆ ಸರಣಿಯಲ್ಲಿ ಕೂದಲಿನಂಥ ತಾಮ್ರದ ತಂತಿ ಕಟ್ಟಿ. ದಪ್ಪ, ಉದ್ದವನ್ನು ಟ್ಯೂಬಿನವರು ಹೇಳುವ ಜೂಲ್ ಮಿತಿಯಿಂದ ಲೆಕ್ಕ ಹಾಕಿ. ಪೂರ್ತಿ ವೋಲ್ಟೇಜಿನಲ್ಲಿ ಓಡಿಸುತ್ತಾ ಸ್ಕ್ರೂ ಇರುವ ಉಂಡೆಯನ್ನು ಉದ್ದನೆಯ ಫೈಬರ್ ಕೋಲಿನಿಂದ ತಿರುಗಿಸಿ, ಗ್ಯಾಪಿನಲ್ಲಿ ಕಿಡಿ ಹಾರುವ ತನಕ. ನಿಲ್ಲಿಸಿ, ಅರ್ಥ್ ಮಾಡಿ, ತಂತಿ ನೋಡಿ. ತಂತಿ ಕರಗದೆ ಉಳಿದಿದ್ದರೆ ಪಾಸ್, ಮತ್ತೆ ಓಡಿಸಿ. ನಾವು 200 ಸಲ ಮಾಡುತ್ತೇವೆ, ಅದರಲ್ಲಿ 50 ಸಲ ಬೆಳಿಗ್ಗೆ ಯಂತ್ರ ತಣ್ಣಗಿರುವಾಗ. ಆ ಹೊತ್ತಿನಲ್ಲಿ ಕಾಫಿ ಲೋಟ ರೂಮಿನ ಹೊರಗೆ ಇರುತ್ತದೆ.